400 ವ್ಯಾಟ್ ಟೆರೇಸ್ ವಿಂಡ್‌ಮಿಲ್: ಒಂಬತ್ತು ತಿಂಗಳು ಓಡ್ಸಿದ್ಮೇಲೆ ನನ್ನ ರಿವ್ಯೂ, ಜೊತೆಗೆ ಪಕ್ಕದ್ಮನೆ ಅಜ್ಜಿ ರಿವ್ಯೂ

ಮೊದ್ಲೇ ಹೇಳ್ಬಿಡ್ತೀನಿ, ಅಂಗಡಿ ಹೆಸ್ರಾಗ್ಲಿ ಬ್ರ್ಯಾಂಡ್ ಹೆಸ್ರಾಗ್ಲಿ ಬರೆಯಲ್ಲ, ಕೇಳ್ಬೇಡಿ. ಮೈಸೂರಲ್ಲಿ ಈಗ ಇಂಥ ಮೆಷಿನ್ ಮಾರೋರು ನಾಕೈದು ಜನ ಇದಾರೆ, ಎಲ್ರೂ ತರಿಸೋದು ಹೆಚ್ಚುಕಮ್ಮಿ ಒಂದೇ ಮಾಲು, ಸ್ಟಿಕರ್ ಬೇರೆ ಅಷ್ಟೆ. ತಗೋಬೇಕು ಅಂತ ಯೋಚ್ನೆ ಮಾಡ್ತಿರೋರು ಇದನ್ನ ಓದಿ ಆಮೇಲೆ ದುಡ್ಡು ಬಿಚ್ಚಿ.

ನಾನು ಓದಿದ್ದು ಡಿಪ್ಲೊಮಾ ಎಲೆಕ್ಟ್ರಿಕಲ್, ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾದಲ್ಲಿ 22 ವರ್ಷದಿಂದ ಮೇಂಟೆನೆನ್ಸ್ ಕೆಲ್ಸ. ಅಂದ್ರೆ ಮೋಸ ಹೋಗ್ಬಾರ್ದಿದ್ದವ್ನು ಮೋಸ ಹೋದ ಕಥೆ ಇದು. ಹೋದ ವರ್ಷ ಆಷಾಢದಲ್ಲಿ ಟೆರೇಸ್ ಮೇಲೆ ಬಟ್ಟೆ ತೆಗೆಯಕ್ಕೆ ಹೋಗಿದ್ದೆ, ಆ ಗಾಳಿ ನಿಮಗೂ ಗೊತ್ತಲ್ಲ, ಚಾಮುಂಡಿ ಬೆಟ್ಟದಲ್ಲಿ ಆಷಾಢ ಶುಕ್ರವಾರ ಕ್ಯೂ ನಿಂತಾಗ ಸೆರಗು ಪಂಚೆ ಎಲ್ಲಾ ಹಾರಿಸುತ್ತಲ್ಲ ಆ ಗಾಳಿ, ನನ್ನ ಲುಂಗಿ ಕ್ಲಿಪ್ ಸಮೇತ ಹಾರ್ಹೋಗಿ ಎದುರ್ಮನೆ ತೆಂಗಿನ ಮರಕ್ಕೆ ಸಿಕ್ಕಾಕ್ಕೊಂತು. ಮಕ್ಕಳು ಪಟ ಬಿಡ್ತಿದ್ರು. ಆಗ ತಲೆಗೆ ಬಂತು ನೋಡಿ, ಇಷ್ಟೊಂದು ಗಾಳಿ ಸುಮ್ನೆ ಹೋಗ್ತಾ ಇದ್ಯಲ್ಲ, ಗಾಳಿ ಬಂದಾಗ ತೂರ್ಕೊಬೇಕು ಅಂತ ಹಿರಿಯರು ಹೇಳಿಲ್ವಾ ಅಂತ. ತೂರ್ಕೊಂಡೆ. ಈಗ ಕೈಯಲ್ಲಿ ಉಳಿದಿರೋದು ಬರೀ ಹೊಟ್ಟು.

ರೇಟು ಹೇಳ್ತೀನಿ. ಮೆಷಿನ್ ಮತ್ತೆ ಚಾರ್ಜ್ ಕಂಟ್ರೋಲರ್ (ಬ್ಯಾಟ್ರಿಗೆ ಕರೆಂಟನ್ನ ಹದವಾಗಿ ಕಳಿಸೋ ಡಬ್ಬಿ) ಸೇರಿ 28,000, ಪೋಲು, ಕ್ಲಾಂಪು, ವೈರು, ಕೂಲಿ 6,500. ಒಟ್ಟು 34,500. ಬ್ಯಾಟ್ರಿ ನಮ್ಮನೇಲಿ ಇನ್ವರ್ಟರ್‌ದು ಇತ್ತು. ರೆಕ್ಕೆಯ ಸುತ್ತಳತೆ ಅಲ್ಲ, ಅಡ್ಡಳತೆ 1.2 ಮೀಟರ್. ಐದು ಬ್ಲೇಡು, ಹಿಂದುಗಡೆ ಮೀನಿನ ಬಾಲದ ಥರ ಒಂದು ತಗಡು. ನೋಡಕ್ಕೆ ತುಂಬಾ ಚೆನ್ನಾಗಿದೆ, ಅದ್ರಲ್ಲಿ ಎರಡು ಮಾತಿಲ್ಲ. ಬಿಳೀ ಪೇಂಟು, ಒಳ್ಳೆ ಫಿನಿಶಿಂಗು, ಬೀದೀಲಿ ಹೋಗೋರೆಲ್ಲ ಕತ್ತೆತ್ತಿ ನೋಡ್ಕೊಂಡೇ ಹೋಗೋರು. ಮೊದಲ ವಾರ ನಾನು ಆಫೀಸಿಂದ ಬಂದು ಕಾಫಿ ಲೋಟ ಹಿಡ್ಕೊಂಡು ಸೀದಾ ಟೆರೇಸಿಗೆ ಹೋಗ್ತಿದ್ದೆ, ಹೊಸದಾಗಿ ಮದ್ವೆ ಆದಾಗ್ಲೂ ಅಷ್ಟು ಬೇಗ ಮನೆಗೆ ಬಂದಿರ್ಲಿಲ್ಲ ಅಂತ ನನ್ನ ಹೆಂಡ್ತಿ.

ಅಂಗಡಿಯವ್ರು ಸೈಟ್ ಸರ್ವೆ ಮಾಡ್ತೀವಿ ಅಂದಿದ್ರು. ಸರ್ವೆ ಅಂದ್ರೆ ಒಬ್ಬ ಹುಡುಗ ಬಂದ, ಕೈಯಲ್ಲಿ ಹಿಡಿಯೋ ಪುಟ್ಟ ಫ್ಯಾನಿನಂಥ ಮೀಟರ್ ಎತ್ತಿ ಹಿಡಿದ, ಐದು ನಿಮಿಷ ನಿಂತ, ಸೆಕೆಂಡಿಗೆ 8 ಮೀಟರ್ ಇದೆ ಸಾರ್ ಸೂಪರ್ ಅಂದ, ಹೋದ. ಆಷಾಢದಲ್ಲಿ ಬಂದು ಗಾಳಿ ಅಳೆದು ವರ್ಷಪೂರ್ತಿ ಹಿಂಗೇ ಇರುತ್ತೆ ಅನ್ನೋದು ಹೆಂಗೆ ಅಂದ್ರೆ ದಸರಾ ದಿವ್ಸ ಬಂದು ಅರಮನೆ ಮುಂದೆ ಜನ ಎಣಿಸಿ ಮೈಸೂರಿನ ಜನಸಂಖ್ಯೆ ಇಷ್ಟು ಅಂದಂಗೆ. ಇದು ನನಗೆ ಆಗ ಹೊಳೀಲಿಲ್ಲ.

ಇಲ್ಲಿ ಒಂಚೂರು ಲೆಕ್ಕ ಹೇಳ್ಬೇಕು, ಬೋರಾದ್ರೂ ಓದಿ, ಯಾಕಂದ್ರೆ ಇದನ್ನ ಯಾವ ಸೇಲ್ಸ್‌ಮನ್ನೂ ಹೇಳಲ್ಲ. ಗಾಳಿ ವೇಗ ಅರ್ಧ ಆದ್ರೆ ಕರೆಂಟು ಅರ್ಧ ಆಗಲ್ಲ, ಎಂಟರಲ್ಲಿ ಒಂದು ಪಾಲಾಗುತ್ತೆ. ವೇಗದ ಘನಕ್ಕೆ ತಕ್ಕಂಗೆ ಪವರ್ ಅದು. ಈ ಮೆಷಿನ್ ಮೇಲೆ ಬರ್ದಿರೋ 400 ವ್ಯಾಟ್ ಬರೋದು ಗಾಳಿ ಸೆಕೆಂಡಿಗೆ 12 ಮೀಟರ್ ದಾಟಿದ್ರೆ, ಅಂದ್ರೆ ಗಂಟೆಗೆ 43 ಕಿಲೋಮೀಟರ್. ಅಷ್ಟು ಗಾಳಿ ಬಂದ್ರೆ ನಮ್ಮ ಲೇಔಟಲ್ಲಿ ಮೊದ್ಲು ಗುಲ್‌ಮೊಹರ್ ಕೊಂಬೆ ಬೀಳುತ್ತೆ, ಆಮೇಲೆ ಲೈನ್ ಟ್ರಿಪ್ ಆಗುತ್ತೆ. ಮಾಮೂಲಿ ದಿನ ಇರೋದು 2, 3 ಮೀಟರ್. 3 ಮೀಟರಲ್ಲಿ ಈ ಸೈಜಿನ ರೆಕ್ಕೆ ಕೊಡೋದು ಸುಮಾರು 5 ವ್ಯಾಟು. ದೇವ್ರ ಮನೆ ಝೀರೋ ಬಲ್ಬು. ಅದೂ ಗಾಳಿ ನೆಟ್ಟಗೆ ಬಂದ್ರೆ, ಇಲ್ಲಿ ಒಂದ್ಕಡೆ ತೆಂಗಿನ ಮರ, ಒಂದ್ಕಡೆ ಮೂರು ಮಹಡಿ ಪಿಜಿ, ಗಾಳಿ ಸುತ್ತಾಕ್ಕೊಂಡು ಬರೋದ್ರಿಂದ ನಮ್ ಮೆಷಿನ್ ಯಾವ ಕಡೆ ಮುಖ ಮಾಡ್ಬೇಕು ಅಂತ ಗೊತ್ತಾಗ್ದೆ ಮದ್ವೆ ಮನೇಲಿ ಕಳ್ದೋದ ಮಗು ಥರ ಸುತ್ತಮುತ್ತ ತಿರುಗಿ ನೋಡ್ತಾ ಇರೋದು.

ಕಂಟ್ರೋಲರ್ ಡಿಸ್‌ಪ್ಲೇಲಿ ಯೂನಿಟ್ ತೋರ್ಸುತ್ತೆ, ನಾನು ಕ್ಯಾಲೆಂಡರ್ ಮೇಲೆ ಬರ್ಕೊಂಡಿದೀನಿ. ಜುಲೈ 11 ಯೂನಿಟ್, ಆಗಸ್ಟ್ 7, ಸೆಪ್ಟೆಂಬರ್ 3. ಅಲ್ಲಿಂದಾಚೆಗೆ ತಿಂಗಳಿಗೆ ಒಂದೂವರೆ, ಎರಡು. ಒಂಬತ್ತು ತಿಂಗಳಿಗೆ ಒಟ್ಟು 31 ಯೂನಿಟ್. ಯೂನಿಟ್‌ಗೆ 6 ರೂಪಾಯಿ ಅಂತ ಹಿಡೀರಿ, 186 ರೂಪಾಯಿ. ಇದೇ ಲೆಕ್ಕದಲ್ಲಿ ನಾನು ಹಾಕಿದ ದುಡ್ಡು ವಾಪಸ್ ಬರಕ್ಕೆ ಸುಮಾರು 140 ವರ್ಷ ಬೇಕು. ಗೃಹಜ್ಯೋತಿ ಬಂದ್ಮೇಲೆ ನಮ್ಮನೆಗೆ ಬಿಲ್ಲೇ ಬರಲ್ಲ, ಹಾಗಾಗಿ ಆ 186 ರೂಪಾಯಿನೂ ಉಳೀಲಿಲ್ಲ ಅಂತ ನನ್ನ ಮಗ ಹೇಳ್ತಾನೆ, ಅವ್ನು ಕಾಮರ್ಸ್ ತಗೊಂಡಿದಾನೆ.

ಸೌಂಡ್ ಬಗ್ಗೆ. ಬ್ರೋಷರ್‌ನಲ್ಲಿ ಸೈಲೆಂಟ್ ಅಂತ ಇದೆ. ಮೆಷಿನ್ ಸೈಲೆಂಟೇ, ಆದ್ರೆ ಪೋಲನ್ನ ಪ್ಯಾರಾಪೆಟ್‌ಗೆ ಕ್ಲಾಂಪ್ ಹಾಕಿ ಬಿಗಿದಿರೋದ್ರಿಂದ ಅದ್ರ ನಡುಕ ಗೋಡೆಗಿಳಿದು ಗೊಂಯ್ಯ್ ಅಂತ ರೂಮಲ್ಲೆಲ್ಲಾ ಕೇಳುತ್ತೆ. ಕೂಲರ್ ಆನ್ ಮಾಡ್ಕೊಂಡು ಮಲಗ್ದಂಗಿದೆ, ಗಾಳಿ ಮಾತ್ರ ಇಲ್ಲ ಅಂದ್ಳು ನನ್ನ ಹೆಂಡ್ತಿ. ಅಂಗಡಿಗೆ ಫೋನ್ ಮಾಡ್ದೆ, ಮೂರನೇ ಸಲಕ್ಕೆ ಬಂದ್ರು, ಕ್ಲಾಂಪ್ ಮಧ್ಯೆ ಸೈಕಲ್ ಟ್ಯೂಬ್ ರಬ್ಬರ್ ಕಟ್ ಮಾಡಿ ಇಟ್ರು, 350 ರೂಪಾಯಿ ಈಸ್ಕೊಂಡ್ರು. ವಾರಂಟಿ ಇದ್ಯಲ್ಲಪ್ಪ ಅಂದೆ. ಸಾರ್ ವಾರಂಟಿ ಮೆಷಿನ್‌ಗೆ, ಸೌಂಡ್‌ಗಲ್ಲ ಅಂದ.

ಇಲ್ಲಿಗೆ ನಿಲ್ಲಿಸಿದ್ರೆ ಇದು ಮಾಮೂಲಿ ರಿವ್ಯೂ ಆಗೋದು. ನಾನು ಬರೆಯಕ್ಕೆ ಕೂತಿದ್ದು ಆ ಬ್ರೋಷರ್‌ನಲ್ಲಿದ್ದ ಇನ್ನೊಂದು ಸಾಲಿಗೋಸ್ಕರ. ಮುಖಪುಟದಲ್ಲಿ ಹಿಮದ ಬೆಟ್ಟ, ಅದ್ರ ಮೇಲೆ ಸಾಲಾಗಿ ದೊಡ್ಡ ದೊಡ್ಡ ಬಿಳೀ ವಿಂಡ್‌ಮಿಲ್ಲು, ಕೆಳಗೆ ದಪ್ಪಕ್ಷರದಲ್ಲಿ ‘ಯಾರಿಗೂ ತೊಂದರೆ ಇಲ್ಲದ ವಿದ್ಯುತ್’.

ನಮ್ಮಕ್ಕನ ಮಗಳು ನಾರ್ವೆಯ ಟ್ರಾಂಡ್‌ಹೈಮ್ ಅನ್ನೋ ಊರಲ್ಲಿ ಓದ್ತಿದಾಳೆ. ವಿಡಿಯೋ ಕಾಲ್‌ನಲ್ಲಿ ಮೆಷಿನ್ ತೋರ್ಸಿ, ಪುಟ್ಟಿ ನೋಡೇ ನಿಮ್ಮ ಯೂರೋಪು ನಮ್ಮ ಟೆರೇಸಿಗೇ ಬಂದಿದೆ ಅಂತ ಜಂಭ ಕೊಚ್ಕೊಂಡು ಬ್ರೋಷರ್ ಹಿಡಿದು ಆ ಸಾಲು ಓದಿದೆ. ಅವ್ಳು ನಕ್ಕಿದ್ದಲ್ಲ, ಸುಮ್ಮನಾದ್ಳು. ಆಮೇಲೆ, ಮಾವ ನಮ್ಮೂರಿಂದ ಸಮುದ್ರದ ಆ ಕಡೆ ದಡದಲ್ಲಿ ಫೋಸೆನ್ ಅಂತ ಜಾಗ ಇದೆ, ಅಲ್ಲಿ ಹಿಂಗೇ ಬೆಟ್ಟದ ಮೇಲೆ ಇದಾವೆ, ಅಲ್ಲಿ ಹೋಗಿ ಈ ಸಾಲು ಓದಿ ನೋಡು ಅಂದ್ಳು.

ಆ ರಾತ್ರಿ ಅವ್ಳು ಹೇಳಿದ್ದು, ಆಮೇಲೆ ನಾನೇ ಹುಡುಕಿ ಓದಿದ್ದು ಸೇರಿಸಿ ಹೇಳ್ತೀನಿ. ಸ್ಟುರ್‌ಹೈಯಾ ಅಂತ ಒಂದು, ರೂಆನ್ ಅಂತ ಇನ್ನೊಂದು, ಎರಡು ವಿಂಡ್ ಫಾರ್ಮು. ಒಂದರಲ್ಲಿ 80, ಇನ್ನೊಂದರಲ್ಲಿ 71, ಒಟ್ಟು 151 ಫ್ಯಾನು. ಒಂದೊಂದೂ 3.6 ಮೆಗಾವ್ಯಾಟು, ಅಂದ್ರೆ ನನ್ನ ಟೆರೇಸ್ ಮೇಲಿರೋ ಥರದ್ದು 9,000 ಸೇರಿದ್ರೆ ಅಲ್ಲಿಯ ಒಂದು ಫ್ಯಾನು. ಆ ಬೆಟ್ಟಗಳು ಸಾಮಿ ಜನ ತಲೆತಲಾಂತರದಿಂದ ಹಿಮಸಾರಂಗ ಮೇಯಿಸ್ಕೊಂಡು ಬಂದಿರೋ ಜಾಗ. ಸಾಮಿ ಅಂದ್ರೆ ನಾರ್ವೆ, ಸ್ವೀಡನ್, ಫಿನ್‌ಲೆಂಡ್, ರಷ್ಯಾದ ಉತ್ತರ ಭಾಗದ ಮೂಲನಿವಾಸಿಗಳು. ಚಳಿಗಾಲದಲ್ಲಿ ಎಲ್ಲಾ ಕಡೆ ಹಿಮ ಮುಚ್ಚಿದಾಗ ಗಾಳಿ ಜೋರಾಗಿರೋ ಬೆಟ್ಟದ ನೆತ್ತಿ ಮೇಲೆ ಹಿಮ ತೆಳ್ಳಗಿರುತ್ತೆ, ಸಾರಂಗಗಳು ಅಲ್ಲಿಗೆ ಹೋಗಿ ಹಿಮ ಕೆರೆದು ಕೆಳಗಿರೋದನ್ನ ತಿಂತಾವೆ. ಏನು ತಿಂತಾವೆ ಗೊತ್ತಾ, ನಾವು ಮಸಾಲೆ ಪುಡಿಗೆ ಹುರಿದು ಹಾಕ್ತೀವಲ್ಲ ಕಲ್ಲುಹೂವು, ಆ ಜಾತೀದು. ಈಗ ಯೋಚ್ನೆ ಮಾಡಿ, ಫ್ಯಾನ್ ಹಾಕೋರಿಗೂ ಬೇಕಾಗಿರೋದು ಗಾಳಿ ಜೋರಾಗಿರೋ ನೆತ್ತಿನೇ. ಇಬ್ಬರಿಗೂ ಬೇಕಾಗಿದ್ದು ಒಂದೇ ಜಾಗ, ಒಂದೇ ಕಾರಣಕ್ಕೆ.

ಫ್ಯಾನ್ ಬಂದ್ಮೇಲೆ ಸಾರಂಗಗಳು ಸಾಯ್ಲಿಲ್ಲ, ಗಲಾಟೆ ಮಾಡ್ಲಿಲ್ಲ. ಆ ಕಡೆ ಹೋಗೋದನ್ನ ಬಿಟ್ವು, ಅಷ್ಟೆ. ರೆಕ್ಕೆ ತಿರುಗೋದು, ಸದ್ದು, ರಸ್ತೆ, ಜನ, ಇದೆಲ್ಲಾ ಕಂಡ್ರೆ ಅವು ದೂರ ಸರೀತಾವೆ. ಅದು ಹೊರಗಿಂದ ನೋಡೋರ ಕಣ್ಣಿಗೆ ಬೀಳೋ ತೊಂದರೆ ಅಲ್ಲ. ಖಾಲಿ ಬೆಟ್ಟ ಮೊದಲೂ ಖಾಲಿ, ಈಗಲೂ ಖಾಲಿ. ಮೇಯಿಸೋರಿಗೆ ಮಾತ್ರ ಗೊತ್ತು ಚಳಿಗಾಲದ ಮೇವು ಹೋಯ್ತು ಅಂತ.

ಅವ್ರು ಕೋರ್ಟಿಗೆ ಹೋದ್ರು. ಕೇಸ್ ನಡೀತಿರೋವಾಗ್ಲೇ ಕಂಪನಿ ಕಟ್ಟಿ ಮುಗಿಸ್ತು, 2018ರಲ್ಲಿ ವಿಶ್ವಸಂಸ್ಥೆಯ ಜನಾಂಗೀಯ ತಾರತಮ್ಯ ಸಮಿತಿ ಸ್ವಲ್ಪ ನಿಲ್ಲಿಸ್ರಪ್ಪ ಅಂತ ನಾರ್ವೆ ಸರ್ಕಾರಕ್ಕೆ ಹೇಳಿದ್ರೂ ನಿಲ್ಲಿಸ್ಲಿಲ್ಲ. 2020ರಲ್ಲಿ ಮೇಲ್ಮನವಿ ಕೋರ್ಟು 89 ಮಿಲಿಯನ್ ಕ್ರೋನ್ ಪರಿಹಾರ ಕೊಡಿ ಅಂತು, ಅಂದ್ರೆ 8 ಕೋಟಿ 90 ಲಕ್ಷ ಕ್ರೋನ್, ಕ್ರೋನ್ ಅಂದ್ರೆ ನಾರ್ವೆ ದುಡ್ಡು. ಚಳಿಗಾಲದಲ್ಲಿ ಸಾರಂಗಗಳನ್ನ ಬೇಲಿ ಒಳಗೆ ಕೂಡ್ಹಾಕಿ ಮೇವು ತಂದು ಹಾಕಕ್ಕೆ ಆ ದುಡ್ಡು. ಬೇಡ ಅಂದ್ರು ಅವ್ರು. ಮೇವು ತಂದು ಹಾಕೋದು ಸಾಕಣೆ, ಮೇಯಿಸೋದು ನಮ್ಮ ಬದುಕು, ಎರಡೂ ಬೇರೆ ಅನ್ನೋದು ಅವ್ರ ವಾದ. 2021ರ ಅಕ್ಟೋಬರ್ 11ಕ್ಕೆ ನಾರ್ವೆ ಸುಪ್ರೀಂ ಕೋರ್ಟು, 11 ಜನ ಜಡ್ಜುಗಳು, ಒಬ್ರೂ ಭಿನ್ನ ಅಭಿಪ್ರಾಯ ಇಲ್ಲದೆ, ಸಾಮಿಗಳು ಹೇಳೋದು ಸರಿ, ಲೈಸೆನ್ಸು ಅಸಿಂಧು ಅಂತ ತೀರ್ಪು ಕೊಟ್ರು. ಅಲ್ಪಸಂಖ್ಯಾತರಿಗೆ ತಮ್ಮ ಸಂಸ್ಕೃತಿ ಬದುಕೋ ಹಕ್ಕಿದೆ ಅನ್ನೋ ವಿಶ್ವಸಂಸ್ಥೆ ಒಪ್ಪಂದದ 27ನೇ ವಿಧಿ ಉಲ್ಲಂಘನೆ ಆಗಿದೆ ಅಂತ.

ಗೆದ್ರಲ್ಲ, ಮುಗೀತಲ್ಲ ಅಂದೆ ನಾನು. ಮಾವ, ತೀರ್ಪು ಬಂದು 500 ದಿನ ಆದ್ರೂ ಫ್ಯಾನು ತಿರುಗ್ತಾನೇ ಇತ್ತು ಅಂದ್ಳು. 500ನೇ ದಿನ, 2023ರ ಫೆಬ್ರವರಿ 23ಕ್ಕೆ, ಸಾಮಿ ಹುಡುಗ ಹುಡುಗೀರು ಆಸ್ಲೋದಲ್ಲಿ ಇಂಧನ ಸಚಿವಾಲಯದ ಒಳಗೆ ಹೋಗಿ ಕೂತ್ಬಿಟ್ರು. ಪೊಲೀಸ್ರು ಎತ್ತಿ ಹೊರಗೆ ಹಾಕಿದ್ರೆ ಬೀದೀಲಿ ಕೂತ್ರು. ಗಾಕ್ತಿ ಅಂತ ಅವ್ರ ಹಬ್ಬದ ಅಂಗಿ, ಅದನ್ನ ಒಳಗಿಂದು ಹೊರಗೆ ತಿರುಗಿಸಿ ಹಾಕ್ಕೊಂಡು ಬಂದಿದ್ರು, ಪ್ರತಿಭಟನೆಗೆ ಗುರುತು ಅದು. ಹವಾಮಾನಕ್ಕೆ ಹೋರಾಡೋ ಗ್ರೇಟಾ ಥನ್‌ಬರ್ಗ್ ಬಂದು ಅವ್ರ ಜೊತೆ ಕೂತ್ಳು. ಇದು ನನಗೆ ಸ್ವಲ್ಪ ಕನ್‌ಫ್ಯೂಸ್ ಮಾಡ್ತು, ಕಲ್ಲಿದ್ದಲು ಬೇಡ ಅನ್ನೋ ಹುಡ್ಗಿ ವಿಂಡ್‌ಮಿಲ್ ವಿರುದ್ಧ ಹೆಂಗೆ ಕೂತ್ಳು ಅಂತ. ಅವ್ರು ವಿಂಡ್‌ಮಿಲ್ ವಿರುದ್ಧ ಅಲ್ಲ ಮಾವ, ಅಲ್ಲಿರೋ ವಿಂಡ್‌ಮಿಲ್ ವಿರುದ್ಧ ಅಂದ್ಳು ನಮ್ಮ ಪುಟ್ಟಿ. ಮಾರ್ಚ್ ಮೊದಲ ವಾರ ಸರ್ಕಾರ ಕ್ಷಮೆ ಕೇಳ್ತು. 2023ರ ಡಿಸೆಂಬರ್‌ನಲ್ಲಿ ದಕ್ಷಿಣ ಫೋಸೆನ್‌ನೋರ ಜೊತೆ, 2024ರ ಮಾರ್ಚ್‌ನಲ್ಲಿ ಉತ್ತರದೋರ ಜೊತೆ ಒಪ್ಪಂದ ಆಯ್ತು. ದುಡ್ಡು, ಬೇರೆ ಕಡೆ ಚಳಿಗಾಲದ ಹುಲ್ಲುಗಾವಲು ಅದೂ ಇದೂ. ಫ್ಯಾನು ಒಂದೂ ಕೆಳಗಿಳೀಲಿಲ್ಲ.

ಸರಿ ಅಂತ ಫೋನ್ ಇಟ್ಟು ಮಲಗ್ದೆ. ಗೊಂಯ್ಯ್ ಅಂತಿತ್ತು.

ಆಮೇಲೆ ರಾತ್ರಿ ನಿದ್ದೆ ಬರ್ದೆ ಇದ್ದಾಗೆಲ್ಲಾ ಇದನ್ನೇ ಓದಕ್ಕೆ ಶುರು ಮಾಡ್ದೆ, ನಿದ್ದೆ ಯಾಕೆ ಬರ್ತಿರ್ಲಿಲ್ಲ ಅಂತ ಮೇಲೆ ಹೇಳಿದೀನಿ. ಕೀನ್ಯಾದಲ್ಲಿ ತುರ್ಕಾನಾ ಸರೋವರದ ಹತ್ರ 365 ಫ್ಯಾನು, 310 ಮೆಗಾವ್ಯಾಟು, ಅದಕ್ಕೆ ಬರ್ಕೊಟ್ಟ ಜಾಗ 1,50,000 ಎಕರೆ. ದನ ಒಂಟೆ ಮೇಯಿಸೋ ಸಮುದಾಯಗಳ ಜಾಗ. ಅಲ್ಲಿನ ಕೋರ್ಟೂ 2021ರ ಅಕ್ಟೋಬರಲ್ಲೇ ಆ ಜಮೀನಿನ ಹಕ್ಕುಪತ್ರ ಸರಿಯಾದ ಕ್ರಮದಲ್ಲಿ ಮಾಡಿಲ್ಲ ಅಂತು. ಅದೇನು ಆ ಅಕ್ಟೋಬರ್ ವಿಶೇಷವೋ. ಮೆಕ್ಸಿಕೊದ ಓಹಾಕಾ ಕಡೆ ಲಾ ವೆಂಟೋಸಾ ಅಂತ ಊರೇ ಇದೆ, ಹೆಸರಿನ ಅರ್ಥಾನೇ ಗಾಳಿ ಊರು. ಅದೇ ಸೀಮೇಲಿ ಸ್ಯಾನ್ ದಿಯೋನಿಸಿಯೊ ದೆಲ್ ಮಾರ್ ಅಂತ ಮೀನುಗಾರರ ಊರಿನ ಮರಳು ದಿಬ್ಬದ ಮೇಲೆ ನೂರಕ್ಕೂ ಹೆಚ್ಚು ಫ್ಯಾನ್ ಹಾಕಕ್ಕೆ ಹೊರಟಿದ್ರು, ಇಕೂತ್ಸ್ ಅನ್ನೋ ಮೂಲನಿವಾಸಿಗಳು, ಸೀಗಡಿ ಮೀನು ಓಡೋಗುತ್ತೆ, ನಮ್ಮ ಹೊಟ್ಟೆಪಾಡು ಅದು ಅಂತ ರಸ್ತೆ ಅಡ್ಡಗಟ್ಟಿ, ಕೋರ್ಟಿಗೂ ಹೋಗಿ ತಡೆದ್ರು, ಆ ಪ್ರಾಜೆಕ್ಟು ಅಲ್ಲಿಂದ ಎದ್ದೇಹೋಯ್ತು. ಅಮೆರಿಕದ ಓಕ್ಲಹೋಮಾದ ಓಸೇಜ್ ಬುಡಕಟ್ಟಿನೋರ ಕೇಸ್ ನನಗೆ ತುಂಬಾ ಹಿಡಿಸ್ತು, ಯಾಕಂದ್ರೆ ಅದು ಪಕ್ಕಾ ಇಂಜಿನಿಯರಿಂಗ್ ಪಾಯಿಂಟ್: ಮೇಲಿನ ಜಮೀನು ಯಾರ್ದಾದ್ರೂ ಆಗ್ಲಿ ನೆಲದ ಕೆಳಗಿನ ಖನಿಜದ ಹಕ್ಕು ಬುಡಕಟ್ಟಿಂದು, ಕಂಪನಿ 84 ಫ್ಯಾನಿಗೆ ಪಾಯ ತೋಡುವಾಗ ಬಂಡೆ ಒಡೆದು ಪುಡಿ ಮಾಡಿ ಅದನ್ನೇ ಪಾಯಕ್ಕೆ ತುಂಬ್ತು, ಅದು ಗಣಿಗಾರಿಕೆ, ಅದಕ್ಕೆ ನಮ್ಮ ಹತ್ರ ಲೀಸ್ ತಗೊಂಡಿಲ್ಲ ಅಂತ ವಾದ. 2017ರಲ್ಲಿ ಮೇಲಿನ ಕೋರ್ಟು ಹೌದು ಅಂತು, 2023ರ ಡಿಸೆಂಬರ್‌ನಲ್ಲಿ ಅಷ್ಟನ್ನೂ ಕಿತ್ತಾಕಿ ಅಂತ ಆದೇಶ ಆಯ್ತು. ಮೊದ್ಲೇ ಒಂದು ಮಾತು ಕೇಳಿದ್ದಿದ್ರೆ ಹತ್ತು ವರ್ಷದ ಕೇಸು ತಪ್ತಿತ್ತು.

ನಮ್ಮ ಕಡೆ ಇದೆಲ್ಲ ಇಲ್ಲ ಅಂದ್ಕೋಬೇಡಿ. ಊಟಿ ದಾಟಿ ಆ ಕಡೆ ಇಳಿದ್ರೆ ಕೇರಳದ ಅಟ್ಟಪ್ಪಾಡಿ, ಆದಿವಾಸಿಗಳ ಜಮೀನಲ್ಲಿ ಫ್ಯಾನ್ ನಿಲ್ಲಿಸಿದಾರೆ ಅಂತ 2010ರಲ್ಲಿ ದೊಡ್ಡ ಗಲಾಟೆ ಆಗಿತ್ತು. ಕರ್ನಾಟಕದಲ್ಲಿ ಫ್ಯಾನೆಲ್ಲಾ ಚಿತ್ರದುರ್ಗ, ಗದಗ, ದಾವಣಗೆರೆ, ವಿಜಯಪುರದ ಕಡೆ. ಬೆಂಗಳೂರಿಂದ ಹುಬ್ಬಳ್ಳಿಗೆ ಹೋಗೋವಾಗ ಬಸ್ ಕಿಟಕೀಲಿ ನೋಡಿ ಎಷ್ಟು ಚೆನ್ನಾಗಿದೆ ಅಂದಿರೋನೇ ನಾನೂ. ಮೈಸೂರು ಜಿಲ್ಲೇಲಿ ಆಷಾಢ ಬಿಟ್ರೆ ಅಷ್ಟು ಗಾಳಿ ಇಲ್ಲ, ಹಾಗಾಗಿ ಆ ಕಷ್ಟ ನಮಗಿಲ್ಲ, ನಮ್ಮ ಹಾಡಿ ಜನಕ್ಕೆ ಬೇರೆ ಹೆಸರಲ್ಲಿ ಬಂತು. ನಾಗರಹೊಳೇಲಿ ಜೇನುಕುರುಬರನ್ನ ಹುಲಿ ಹೆಸರಲ್ಲಿ ಎಬ್ಬಿಸಿದ್ರು. ಅದೇ ಬಿಳಿಗಿರಿರಂಗನ ಬೆಟ್ಟದಲ್ಲಿ 2011ರಲ್ಲಿ ಸೋಲಿಗರು ಅರಣ್ಯ ಹಕ್ಕು ಕಾಯ್ದೇಲಿ 25 ಗ್ರಾಮಸಭೆಗಳ ಮೂಲಕ ಸಮುದಾಯದ ಹಕ್ಕುಪತ್ರ ತಗೊಂಡ್ರು, ಹುಲಿ ರಕ್ಷಿತಾರಣ್ಯದ ಒಳಗೇ, ದೇಶದಲ್ಲೇ ಮೊದಲು. ಕೇಳಕ್ಕೆ ಆಗಲ್ಲ ಅಂತೇನಿಲ್ಲ, ಕೇಳೋ ದಾರಿ ಕಾಯ್ದೇಲೇ ಇದೆ.

ಇಷ್ಟೆಲ್ಲಾ ಓದಿ ನಾನು ಆಫೀಸ್ ಕ್ಯಾಂಟೀನಲ್ಲಿ ಭಾಷಣ ಬೇರೆ ಮಾಡ್ತಿದ್ದೆ. ನಾರ್ವೆಲಿ ಹಂಗೆ, ಕೀನ್ಯಾದಲ್ಲಿ ಹಿಂಗೆ, ಜನರನ್ನ ಕೇಳ್ಬೇಕಪ್ಪ ಮೊದ್ಲು ಅಂತ.

ಫೆಬ್ರವರಿಗೆ ಬರ್ತೀನಿ. ನಮ್ಮ ಪೂರ್ವದ ಕಡೆ ಮನೆ ಒಬ್ರು ಅಜ್ಜೀದು, 80 ದಾಟಿದೆ, ಮಗ ಸೊಸೆ ಜೊತೆ ಇದಾರೆ. ಪಾಂಡವಪುರದ ಕಡೆಯೋರು, ಕನ್ನಂಬಾಡಿ ಕಟ್ಟೆ ಕಟ್ದಾಗ ಅವ್ರ ತಾತನ ಹೊಲ ನೀರೊಳಗೆ ಹೋಗಿತ್ತಂತೆ. ಪ್ರತಿ ವರ್ಷ ಶಿವರಾತ್ರಿ ಸುಮಾರಿಗೆ ಅಜ್ಜಿ ಟೆರೇಸಲ್ಲಿ ಪಂಚೆ ಹಾಸಿ ಅಕ್ಕಿ ಸಂಡಿಗೆ, ಅರಳು ಸಂಡಿಗೆ, ಬಾಳಕದ ಮೆಣಸಿನಕಾಯಿ ಹಾಕೋರು, ನಮ್ಮನೆಗೂ ಒಂದು ಡಬ್ಬ ಬರೋದು, ಅದು ಬಂದ್ರೆ ಬೇಸಿಗೆ ಬಂತು ಅಂತ ಲೆಕ್ಕ. ಈ ವರ್ಷ ಶಿವರಾತ್ರಿ ಮುಗೀತು, ಯುಗಾದಿ ಹತ್ರ ಬಂತು, ಪಂಚೆ ಹಾಸಿದ್ದು ಕಾಣ್ಲಿಲ್ಲ. ಅಜ್ಜಿಗೆ ಹುಷಾರಿಲ್ವಾ ಅಂತ ನನ್ನ ಹೆಂಡ್ತಿ ಕೇಳ್ಕೊಂಡು ಬಂದ್ಳು. ಹುಷಾರಾಗೇ ಇದಾರೆ. ಸಂಡಿಗೆನ ಅವ್ರು ಈ ಸಲ ಬೀದಿ ತುದಿ ಮಗಳ ಮನೆ ಟೆರೇಸಲ್ಲಿ ಹಾಕ್ತಿದಾರೆ, ದಿನಾ ಪಾತ್ರೆ ಹೊತ್ಕೊಂಡು ಹೋಗಿ.

ಯಾಕಜ್ಜಿ ಅಂತ ನಾನೇ ಹೋಗಿ ಕೇಳ್ದೆ. ಮೊದ್ಲು ಏನಿಲ್ಲ ಏನಿಲ್ಲ ಅಂದ್ರು. ಆಮೇಲೆ ಹೇಳಿದ್ರು. ನಮ್ಮ ಮೆಷಿನ್ ನಿಂತಿರೋದು ಅವ್ರ ಕಡೆ ಪ್ಯಾರಾಪೆಟ್ ಮೇಲೆ. ಮಧ್ಯಾಹ್ನ ಎರಡು ಗಂಟೆ ಮೇಲೆ ಬಿಸಿಲು ಪಶ್ಚಿಮಕ್ಕೆ ತಿರುಗಿದ್ರೆ ಅದ್ರ ನೆರಳು ಅವ್ರ ಟೆರೇಸ್ ಮೇಲೆ. ಸಣ್ಣ ಗಾಳಿ ಬಂದ್ರೆ ಸಾಕು, ಕರೆಂಟ್ ಬರ್ದೆ ಇದ್ರೂ ರೆಕ್ಕೆ ಸುಮ್ನೆ ತಿರುಗುತ್ತೆ, ನೆರಳು ಮಿಣುಕು ಮಿಣುಕು ಅಂತ ಓಡುತ್ತೆ. ‘ಬಗ್ಗಿ ಸಂಡಿಗೆ ಇಡ್ತಾ ಇದ್ರೆ ಕಣ್ ಮುಂದೆ ಏನೋ ಹರ್ದಾಡ್ದಂಗಾಯ್ತದೆ ಕಣ್ ಮಗ, ತಲೆ ಸುತ್ತಿ ಬಂದ್ಬುಡ್ತದೆ’ ಅಂದ್ರು. ಅದೊಂದೇ ಅಲ್ಲ. ಆ ಗೊಂಯ್ ಸದ್ದು, ಅವ್ರ ಮಲಗೋ ರೂಮಿಗೂ ನಮ್ಮ ಗೋಡೆಗೂ ಮಧ್ಯೆ ಮೂರಡಿ ಸಂದು, ಆಷಾಢದಲ್ಲೇ ಅಜ್ಜಿ ತಮ್ಮ ಹಾಸಿಗೆನ ಹಾಲಿಗೆ ಎತ್ತಾಕ್ಕೊಂಡಿದ್ರಂತೆ. ಎಂಟು ತಿಂಗಳಿಂದ ಹಾಲಲ್ಲಿ ಮಲಗ್ತಿದಾರೆ. ನಮಗೆ ಗೊತ್ತೇ ಇಲ್ಲ. ಯಾಕಜ್ಜಿ ಹೇಳ್ಲಿಲ್ಲ ಅಂದ್ರೆ, ‘ನೀನು ದುಡ್ಡು ಕೊಟ್ಟು ಆಸೆ ಪಟ್ಟು ನಿಲ್ಸಿದೀಯ, ಏನಂತ ಹೇಳ್ಲಿ’ ಅಂದ್ರು.

ನನಗೆ ಆಗ ತಲೇಲಿ ಬಂದಿದ್ದು ಆ ಸಾರಂಗ. ಸತ್ಯವಾಗ್ಲೂ. ಒಂದು ಜನಾಂಗದ ಬದುಕಿಗೂ ನಮ್ಮ ಬೀದಿ ಸಂಡಿಗೆಗೂ ಹೋಲಿಸೋದು ತಪ್ಪು ಅಂತ ಗೊತ್ತು, ಅಜ್ಜೀದು ಒಂದು ಸೀಸನ್ನಿನ ಕಷ್ಟ, ಅವ್ರದ್ದು ಮಕ್ಕಳು ಮರಿ ತನಕ. ಆದ್ರೂ ನಾನು ಅವತ್ತು ಮಾಡಿದ್ದು ಕೇಳಿ. ಅಜ್ಜಿ ಬೇಜಾರು ಮಾಡ್ಕೋಬೇಡಿ, ಈ ವರ್ಷದ ಸಂಡಿಗೆ ಎಷ್ಟು ಬೇಕೋ ನಾನು ದೇವರಾಜ ಮಾರ್ಕೆಟಿಂದ ತಂದ್ಕೊಡ್ತೀನಿ ಅಂದೆ. ಅಜ್ಜಿ ನನ್ನ ಮುಖ ನೋಡಿ ನಕ್ಕು, ‘ಸಂಡಿಗೆ ಇಲ್ದೆ ಯಾರ್ ಸಾಯ್ತಾರೆ ಬುಡು ಮಗ, ಬಿಸ್ಲಲ್ಲಿ ಕೂತ್ಕಳದು ಹೋಯ್ತಲ್ಲ’ ಅಂದ್ರು. ಕ್ಯಾಂಟೀನಲ್ಲಿ 89 ಮಿಲಿಯನ್ ಕ್ರೋನ್ ಕಥೆ ಹೇಳಿ ಕಂಪನಿಯೋರನ್ನ ಬೈದಿದ್ದ ನಾನೇ, ನನ್ನ ಬಾಯಿಂದ್ಲೇ ಅದೇ ಮಾತು ಬಂದಿತ್ತು.

ಯುಗಾದಿ ಕಳೆದ ಭಾನುವಾರ ಮೆಷಿನ್ ಇಳಿಸ್ದೆ. ಅಂಗಡಿಯವ್ರಿಗೆ ಫೋನ್ ಮಾಡಿದ್ರೆ ಇಳಿಸಕ್ಕೆ 1,500 ಅಂದ್ರು, ಬೇಡ ಅಂತ ನಾನೂ ಮಗನೂ ಸೇರಿ ಇಳಿಸಿದ್ವಿ. ಇಳಿಸೋರು ಗಮನಿಸಿ: ಮೊದ್ಲು ಕಂಟ್ರೋಲರ್‌ನ ಬ್ರೇಕ್ ಸ್ವಿಚ್ ಹಾಕಿ, ರೆಕ್ಕೆಗೆ ಹಗ್ಗ ಬಿಗಿದು ಆಮೇಲೆ ಬೋಲ್ಟ್ ಮುಟ್ಟಿ, ಸಣ್ಣದು ಅಂತ ಅಸಡ್ಡೆ ಮಾಡ್ಬೇಡಿ, ತಿರುಗೋ ಬ್ಲೇಡಿಗೆ ಬೆರಳು ಕೊಟ್ರೆ ಉಳಿಯಲ್ಲ. ಒಂಬತ್ತು ತಿಂಗಳಿಗೇ ಬೇರಿಂಗಲ್ಲಿ ಸ್ವಲ್ಪ ಆಟ ಬಂದಿದೆ, ಬಾಲದ ತಗಡಲ್ಲಿ ಬೋಲ್ಟ್ ತೂತಿನ ಸುತ್ತ ತುಕ್ಕು. ಬ್ಲೇಡ್ ಮಾತ್ರ ಹೊಸದರ ಥರಾನೇ ಇದೆ, ಕ್ವಾಲಿಟಿ ಒಪ್ಕೋಬೇಕು.

ಸ್ಟಾರ್ ಕೊಡ್ಬೇಕಂದ್ರೆ ನೋಟಕ್ಕೆ 4, ಕರೆಂಟಿಗೆ 1, ಸೌಂಡಿಗೆ 1, ಸರ್ವೀಸಿಗೆ ಅರ್ಧ, ಆ ಬ್ರೋಷರ್ ಸಾಲಿಗೆ ಸೊನ್ನೆ. ಮೈಸೂರಲ್ಲಾಗ್ಲಿ ಮಂಡ್ಯದಲ್ಲಾಗ್ಲಿ ಊರೊಳಗೆ ಮನೆ ಇರೋರು ಇದನ್ನ ತಗೋಬೇಡಿ, ಸೋಲಾರ್ ಹಾಕ್ಸಿ, ಸೂರ್ಯಘರ್ ಸ್ಕೀಮಲ್ಲಿ 3 ಕಿಲೋವ್ಯಾಟಿಗೆ 78,000 ಸಬ್ಸಿಡಿ ಇದೆ, ಅದು ತಿರುಗಲ್ಲ, ಗೊಂಯ್ ಅನ್ನಲ್ಲ. ಅದನ್ನ ಹಾಕೋವಾಗ್ಲೂ ನೆರಳು ಯಾವ ಕಡೆ ಬೀಳುತ್ತೆ ನೋಡಿ. ಮೇಲುಕೋಟೆ ಬೆಟ್ಟದ ಮೇಲೋ, ಬಯಲಲ್ಲಿ ಒಂಟಿ ತೋಟದ ಮನೆಯೋ ಇರೋರಿಗೆ ಒಂದು ಬಲ್ಬು, ಮೊಬೈಲ್ ಚಾರ್ಜಿಗೆ ಆಗ್ಬಹುದು. ನಂದು ಸ್ಟೋರ್ ರೂಮಲ್ಲಿದೆ, 9,000ಕ್ಕೆ ಕೊಡ್ತೀನಿ, ಬೇರಿಂಗ್ ನೀವೇ ಹಾಕ್ಸ್ಕೊಳಿ. ಪಕ್ಕದ ತೋಟದೋರ ಹೆಸ್ರು ನಾನು ಕೇಳ್ತೀನಿ, ಅವ್ರ ಹತ್ರ ಮಾತಾಡಿದೀರಾ ಅಂತಾನೂ ಕೇಳ್ತೀನಿ, ಕಿರಿಕ್ ಪಾರ್ಟಿ ಅಂದ್ಕೊಂಡ್ರೆ ಅಂದ್ಕೊಳಿ.

ಪೋಲು ಮಾರಲ್ಲ. ಅದು ಅಲ್ಲೇ ಇದೆ. ಇಳಿಸಿದ ಮಾರನೇ ದಿನ ಬೆಳಿಗ್ಗೆ ಅಜ್ಜಿ ಪಂಚೆ ಹಾಸಿ, ಸಂಡಿಗೆಗೆ ಕಾಗೆ ಬರ್ತವೆ, ನಿಮ್ಮ ಕಂಬಕ್ಕೆ ಒಂದು ದಾರ ಕಟ್ಕಳ್ಲಾ ಮಗ ಅಂತ ಪ್ಯಾರಾಪೆಟ್ ಆ ಕಡೆಯಿಂದ ಕೇಳಿದ್ರು. ಕಟ್ಕಳಿ ಅಜ್ಜಿ ಅಂದೆ. ಹಳೇ ಕ್ಯಾಸೆಟ್ ಬಿಚ್ಚಿ ಅದ್ರ ಟೇಪನ್ನ ನಮ್ಮ ಪೋಲಿಂದ ಅವ್ರ ನೀರಿನ ಟ್ಯಾಂಕಿಗೆ ಎಳೆದು ಕಟ್ಟಿದಾರೆ. ಎರಡು ಮೀಟರ್ ಗಾಳಿಗೇ ಅದು ಪಟಪಟ ಅಂತ ಹೊಳೀತಾ ಅಲ್ಲಾಡುತ್ತೆ, ಒಂದು ಕಾಗೆನೂ ಇಳಿಯಲ್ಲ. ಖರ್ಚು ಸೊನ್ನೆ, ಒಂದು ತಿಂಗಳಿಂದ ಕಂಪ್ಲೇಂಟ್ ಇಲ್ಲ.